3, 24, 36: ಚಾಮರಾಜನಗರದ ಆ ರಾತ್ರಿಯನ್ನು ಸುದ್ದಿ ಹೇಳಿದ ಬಗೆ

2021ರ ಮೇ 2, ಭಾನುವಾರ. ಬೆಳಗ್ಗೆಯಿಂದ ಟಿವಿಯಲ್ಲಿ ಮತ ಎಣಿಕೆ. ಪಶ್ಚಿಮ ಬಂಗಾಳ, ತಮಿಳುನಾಡು, ಕೇರಳ, ಅಸ್ಸಾಂ, ಪುದುಚೇರಿಯ ಫಲಿತಾಂಶ ಬರುತ್ತಿತ್ತು. ನಮ್ಮಲ್ಲೂ ಬೆಳಗಾವಿ ಲೋಕಸಭೆ, ಮಸ್ಕಿ, ಬಸವಕಲ್ಯಾಣದ ಉಪಚುನಾವಣೆಗಳ ಎಣಿಕೆ ಇತ್ತು. ಕೋವಿಡ್ ಎರಡನೇ ಅಲೆಗೆ ರಾಜ್ಯದಲ್ಲಿ ಕರ್ಫ್ಯೂ ಶುರುವಾಗಿ ಒಂದು ವಾರವೂ ಆಗಿರಲಿಲ್ಲ. ಆ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಸೋಮವಾರ 24 ಸಾವಿನ ಸುದ್ದಿ ಹೊರಬಂತು.

ಈ ಬರಹ ಆ ದುರಂತದ ತನಿಖೆ ಅಲ್ಲ. ಆ ದುರಂತ ನಮಗೆ ಸುದ್ದಿಯಾಗಿ ಹೇಗೆ ತಲುಪಿತು, ಯಾವುದು ತಲುಪಿತು, ಯಾವುದು ದಾರಿಯಲ್ಲೇ ಉಳಿಯಿತು ಅನ್ನುವುದನ್ನು ನೋಡುವ ಪ್ರಯತ್ನ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೋವನ್ನು ತೋರಿಸುವುದರಲ್ಲಿ ನಮ್ಮ ಸುದ್ದಿಮನೆಗಳು ಹಿಂದೆ ಬೀಳಲಿಲ್ಲ. ನೋವಿನ ಕಾರಣ ಹೇಳುವುದರಲ್ಲಿ ಹಿಂದೆ ಬಿದ್ದವು. ಕಾರಣ ಬಿಟ್ಟು ಬರೀ ಅಳು ತೋರಿಸಿದರೆ ಸಾವು ಹಣೆಬರಹದ ಹಾಗೆ ಕಾಣುತ್ತದೆ. ಚಾಮರಾಜನಗರದಲ್ಲಿ ಆದದ್ದು ಯಾರ ಹಣೆಬರಹವೂ ಆಗಿರಲಿಲ್ಲ.

ಮೊದಲ ದಿನ

ಮೇ 3ರಂದು ಪರದೆ ಮೇಲೆ ಬಂದ ದೃಶ್ಯಗಳನ್ನು ಬಹಳ ಜನ ಇನ್ನೂ ಮರೆತಿಲ್ಲ. ಆಸ್ಪತ್ರೆಯ ಮುಂದೆ ಕುಸಿದು ಕೂತ ಹೆಂಗಸರು. ಪೊಲೀಸರ ಜೊತೆ ವಾದಿಸುತ್ತಿದ್ದ ಗಂಡಸರು. ಮಾಸ್ಕ್ ಒಳಗಿನಿಂದಲೇ ಕೂಗುತ್ತಿದ್ದವರು. ಇಷ್ಟರ ಮಧ್ಯೆ ಮೈಕ್. "ಏನಾಯ್ತಮ್ಮ, ಹೇಳಿ" ಅನ್ನುವ ಪ್ರಶ್ನೆ. ಆ ಪ್ರಶ್ನೆಗೆ ಅವರು ಏನು ಹೇಳಬೇಕು? ಗಂಡ ಹೋದ, ಮಗ ಹೋದ. ಅದನ್ನೇ ಹೇಳಿದರು. ಅತ್ತರು. ಆ ಅಳು ದಿನವಿಡೀ ಮತ್ತೆ ಮತ್ತೆ ಬಂತು.

ಕ್ಯಾಮೆರಾ ಅಲ್ಲಿಗೆ ಹೋಗಲೇಬಾರದಿತ್ತು ಎಂದು ನಾನು ಹೇಳುವುದಿಲ್ಲ. ಹೋಗಬೇಕಿತ್ತು. ಭಾರತೀಯ ಪತ್ರಿಕಾ ಮಂಡಳಿಯ ನಡತೆಯ ನಿಯಮಗಳಲ್ಲಿ ಒಂದು ಮಾತಿದೆ: ಖಾಸಗಿ ದುಃಖದ ಹೊತ್ತಿನಲ್ಲಿ ಕ್ಯಾಮೆರಾ ನುಗ್ಗಬಾರದು, ಆದರೆ ಅಪಘಾತ, ವಿಪತ್ತುಗಳಲ್ಲಿ ಸಾರ್ವಜನಿಕ ಹಿತ ದೊಡ್ಡದಿರಬಹುದು. ಇಲ್ಲಿ ಸಾರ್ವಜನಿಕ ಹಿತ ಖಂಡಿತ ದೊಡ್ಡದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ಜನ ತೀರಿಕೊಂಡಿದ್ದರು. ಆ ದೃಶ್ಯಗಳು ಇಲ್ಲದೇ ಹೋಗಿದ್ದರೆ ವಿಷಯ ಒಂದು ಪ್ರಕಟಣೆಯಲ್ಲಿ ಮುಗಿದುಹೋಗುವ ಸಾಧ್ಯತೆ ಇತ್ತು.

ನನ್ನ ತಕರಾರು ಮೈಕ್ ಹಿಡಿದು ಕೇಳಿದ ಪ್ರಶ್ನೆಯ ಬಗ್ಗೆ. ಆಸ್ಪತ್ರೆ ಮುಂದೆ ನಿಂತಿದ್ದ ಆ ಜನ ಸಾಕ್ಷಿಗಳಾಗಿದ್ದರು. ರಾತ್ರಿ ಎಷ್ಟು ಹೊತ್ತಿಗೆ ಒಳಗಿನಿಂದ ಫೋನ್ ಬಂತು? ಫೋನಿನಲ್ಲಿ ರೋಗಿ ಏನು ಹೇಳಿದರು? ಎಷ್ಟು ಗಂಟೆಗೆ ಉಸಿರಾಟ ಕಷ್ಟವಾಯಿತು? ನರ್ಸ್ ಏನು ಅಂದರು? ಲಾರಿ ಬಂದದ್ದು ಯಾವಾಗ? ಇದನ್ನೆಲ್ಲ ಕೇಳಿ ಬರೆದುಕೊಂಡಿದ್ದರೆ ಆ ಅಳುವಿನ ಜೊತೆ ಒಂದು ಗಡಿಯಾರವೂ ನಮಗೆ ಸಿಗುತ್ತಿತ್ತು. ಕೆಲವು ಪತ್ರಿಕೆಗಳ ವರದಿಗಾರರು ಈ ಕೆಲಸ ಮಾಡಿದರು, ಒಪ್ಪುತ್ತೇನೆ. ಟಿವಿಯಲ್ಲಿ ಬಹುಪಾಲು ಸಿಕ್ಕಿದ್ದು ಕಣ್ಣೀರು ಮಾತ್ರ.

"3" ಅನ್ನುವ ಸಂಖ್ಯೆ

ಸುದ್ದಿ ಹೊರಬಂದ ಬೆನ್ನಲ್ಲೇ ಸರ್ಕಾರದ ಕಡೆಯಿಂದ ಇನ್ನೊಂದು ಲೆಕ್ಕ ಬಂತು. 24 ಸಾವೂ ಆಕ್ಸಿಜನ್ ಕೊರತೆಯಿಂದ ಆದದ್ದಲ್ಲ, ಹಾಗೆ ತೀರಿಕೊಂಡವರು 3 ಜನ ಮಾತ್ರ ಎನ್ನುವುದು ಆಗಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಕಡೆಯ ವಿವರಣೆ. ಉಳಿದವರಿಗೆ ಬೇರೆ ಕಾಯಿಲೆಗಳಿದ್ದವು, ಸಾವು ಬೇರೆ ಬೇರೆ ಹೊತ್ತಿನಲ್ಲಿ ಆಗಿದೆ ಎನ್ನುವ ವಾದ. ವಿರೋಧ ಪಕ್ಷ ಒಪ್ಪಲಿಲ್ಲ. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಚಾಮರಾಜನಗರಕ್ಕೆ ಹೋದರು. ಮುಂದೆ ಕಾಂಗ್ರೆಸ್ 36 ಸಾವು ಎನ್ನತೊಡಗಿತು.

ಇಲ್ಲಿಂದ ಸುದ್ದಿಯ ದಿಕ್ಕೇ ಬದಲಾಯಿತು. "ಸತ್ತದ್ದು 3 ಜನ" ಎಂದರು ಒಬ್ಬರು. "36" ಎಂದರು ಇನ್ನೊಬ್ಬರು. ಸಂಜೆಯ ಚರ್ಚೆಗೆ ಇಷ್ಟು ಸಾಕಲ್ವಾ? ಎರಡು ಪಕ್ಷದ ವಕ್ತಾರರನ್ನು ಎದುರು ಬದುರು ಕೂರಿಸಿದರೆ ಒಂದು ಗಂಟೆ ಕಳೆಯುತ್ತದೆ. ಯಾವ ಲೆಕ್ಕ ಸರಿ ಎಂದು ಪರೀಕ್ಷೆ ಮಾಡಿ ನೋಡುವ ಕಷ್ಟ ಬೇಡ.

ಆದರೆ ಪರೀಕ್ಷೆ ಮಾಡಲು ಆಗುತ್ತಿತ್ತು. ಅದಕ್ಕೆ ಡಾಕ್ಟರ್ ಆಗಬೇಕಿಲ್ಲ. ಆಸ್ಪತ್ರೆಗಳಲ್ಲಿ ಬಳಸುವ ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ. ಒಬ್ಬ ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕಾದರೆ ಅದು 11-12 ಗಂಟೆ ಬರುತ್ತದೆ. 15 ಲೀಟರ್ ಬೇಕಾದರೆ 8 ಗಂಟೆಯೂ ಬರುವುದಿಲ್ಲ. ಹೈ ಫ್ಲೋ ಯಂತ್ರದಲ್ಲಿ ನಿಮಿಷಕ್ಕೆ 60 ಲೀಟರ್ ಹೋಗುತ್ತಿದ್ದರೆ ಎರಡು ಗಂಟೆಯೊಳಗೆ ಖಾಲಿ. ಒಂದು ಆಸ್ಪತ್ರೆಯಲ್ಲಿ 100 ಜನರಿಗೆ ನಿಮಿಷಕ್ಕೆ 10 ಲೀಟರ್ ಕೊಡಬೇಕು ಅಂದುಕೊಳ್ಳಿ. ದಿನಕ್ಕೆ 200ಕ್ಕೂ ಜಾಸ್ತಿ ಸಿಲಿಂಡರ್ ಬೇಕು. ಇವು ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಿಂದ ಲಾರಿಯಲ್ಲಿ ಬರಬೇಕು. ಅಲ್ಲಿ ತುಂಬಿಸಲು ಸರದಿ ಇದೆ. ಮೈಸೂರಿನ ಆಸ್ಪತ್ರೆಗಳಿಗೂ ಅದೇ ಸಿಲಿಂಡರ್ ಬೇಕು. ಒಂದು ಲಾರಿ ತಡವಾದರೆ ಏನಾಗುತ್ತದೆ ಎಂದು ಈ ಲೆಕ್ಕವೇ ಹೇಳುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆಕ್ಸಿಜನ್ ನಿಂತ ಕೂಡಲೇ ಎಲ್ಲರೂ ಒಟ್ಟಿಗೆ ಸಾಯುವುದಿಲ್ಲ. ಸಿಲಿಂಡರ್ ಕಡಿಮೆ ಇದ್ದಾಗ ಮೊದಲು ಒತ್ತಡ ಇಳಿಯುತ್ತದೆ, ಅಥವಾ ಇರುವುದನ್ನೇ ಹಂಚಿ ಕೊಡುತ್ತಾರೆ. ರೋಗಿಯ ರಕ್ತದಲ್ಲಿ ಆಕ್ಸಿಜನ್ ಮಟ್ಟ ಗಂಟೆಗಟ್ಟಲೆ ಕುಸಿಯುತ್ತದೆ. ಮೆದುಳು, ಹೃದಯ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮತ್ತೆ ಆಕ್ಸಿಜನ್ ಬಂದ ಮೇಲೂ ಕೆಲವರು ಚೇತರಿಸಿಕೊಳ್ಳುವುದಿಲ್ಲ. ಮಧ್ಯರಾತ್ರಿ ಪೆಟ್ಟು ತಿಂದ ಜೀವ ಬೆಳಗ್ಗೆ ಹೋಗಬಹುದು. ಹಾಗಿರುವಾಗ ಪೂರೈಕೆ ಪೂರ್ತಿ ನಿಂತ ಆ ಕೆಲವು ಗಂಟೆಯೊಳಗೆ ಸತ್ತವರನ್ನಷ್ಟೇ ಎಣಿಸಿದರೆ ಸಂಖ್ಯೆ ಚಿಕ್ಕದಾಗಲೇಬೇಕು. ಸಕ್ಕರೆ ಕಾಯಿಲೆ, ಬಿಪಿ ಇದ್ದವರನ್ನು ಬಿಟ್ಟರೆ ಇನ್ನೂ ಚಿಕ್ಕದಾಗುತ್ತದೆ. "3" ಎಂದ ಕೂಡಲೇ ಕೇಳಬೇಕಿದ್ದ ಪ್ರಶ್ನೆ ಒಂದೇ: ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗಿನ ಲೆಕ್ಕ ಇದು? ಆ ಪ್ರಶ್ನೆಯನ್ನು ಮೊದಲ ದಿನವೇ, ಪತ್ರಿಕಾಗೋಷ್ಠಿಯಲ್ಲೇ, ಜೋರಾಗಿ ಕೇಳಬೇಕಿತ್ತು.

ಕೊನೆಗೆ ಅದನ್ನು ಕೇಳಿದ್ದು ನ್ಯಾಯಾಲಯ. ಕರ್ನಾಟಕ ಹೈಕೋರ್ಟ್, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಅದೇ ಮೇ ತಿಂಗಳಲ್ಲಿ ಸಮಿತಿ ವರದಿ ಕೊಟ್ಟಿತು. ಮೂರೇ ಸಾವು ಎನ್ನುವ ವಾದವನ್ನು ಅದು ಒಪ್ಪಲಿಲ್ಲ. ಆಕ್ಸಿಜನ್ ಕೊರತೆಯಿಂದ 24 ಜನ ಸತ್ತಿದ್ದಾರೆ ಎಂದಿತು.

ಇಬ್ಬರು ಅಧಿಕಾರಿಗಳು, ಒಂದು ಜಗಳ

ಆ ವಾರ ಇನ್ನೊಂದು ಎಳೆ ಸುದ್ದಿಯನ್ನು ತುಂಬಿಕೊಂಡಿತು. ಮೈಸೂರಿನಿಂದ ಚಾಮರಾಜನಗರಕ್ಕೆ ಸಿಲಿಂಡರ್ ಹೋಗದಂತೆ ತಡೆದರು ಎನ್ನುವ ಆರೋಪ. ಎರಡು ಜಿಲ್ಲೆಯ ಜಿಲ್ಲಾಧಿಕಾರಿಗಳ ಮಾತು, ಮರುಮಾತು. ಹೈಕೋರ್ಟ್ ಸಮಿತಿ ಮೈಸೂರಿನ ಜಿಲ್ಲಾಧಿಕಾರಿಯ ತಪ್ಪು ಕಾಣಲಿಲ್ಲ, ಚಾಮರಾಜನಗರ ಜಿಲ್ಲಾಡಳಿತದ ಉಸ್ತುವಾರಿಯ ಲೋಪ ಎತ್ತಿ ತೋರಿಸಿತು. ಆದರೆ ಅಷ್ಟು ಹೊತ್ತಿಗೆ ಇದು ಇಬ್ಬರು ಐಎಎಸ್ ಅಧಿಕಾರಿಗಳ ಕಾದಾಟವಾಗಿ ಜನರ ತಲೆಯಲ್ಲಿ ಕೂತಾಗಿತ್ತು.

ಯಾರು ತಡೆದರು ಅನ್ನುವುದು ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಹಿಂದೆ ಇನ್ನೂ ಹಳೆಯ ಪ್ರಶ್ನೆ ಇದೆ. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಅಷ್ಟು ವರ್ಷವಾದರೂ ಉಸಿರಾಡುವ ಗಾಳಿಗೆ ಮೈಸೂರಿನ ಲಾರಿಯನ್ನೇ ಯಾಕೆ ಕಾಯಬೇಕಿತ್ತು? ಮೊದಲ ಅಲೆ ಮುಗಿದು ಎರಡನೆಯದು ಬರುವ ಮಧ್ಯೆ ತಿಂಗಳುಗಳೇ ಇದ್ದವಲ್ಲ, ಆಗ ಏನು ತಯಾರಿ ಆಯಿತು? ಇನ್ನೂ ಮೇಲಕ್ಕೆ ಹೋದರೆ ರಾಜ್ಯಕ್ಕೆ ಕೇಂದ್ರ ಕೊಡುತ್ತಿದ್ದ ಪಾಲು. ಆಗ ಕರ್ನಾಟಕದ ದಿನದ ಪಾಲು 965 ಟನ್. ಅದನ್ನು 1,200 ಟನ್‌ಗೆ ಏರಿಸಿ ಎಂದು ಮೇ 5ರಂದು ಹೈಕೋರ್ಟ್ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಮೇ 7ರಂದು ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ಕೈಹಾಕಲು ಒಪ್ಪಲಿಲ್ಲ. ಈ ಸುದ್ದಿ ದೆಹಲಿಯ ಸುದ್ದಿಯಾಗಿ ಬಂತು. ಚಾಮರಾಜನಗರದ್ದು ಜಿಲ್ಲೆಯ ಸುದ್ದಿಯಾಗಿ ಬಂತು. ಎರಡೂ ಒಂದೇ ಕಥೆ ಎಂದು ಓದುಗರಿಗೆ ಹೇಳಿದ ವರದಿಗಳು ನನ್ನ ಕಣ್ಣಿಗೆ ಬಿದ್ದದ್ದು ತೀರಾ ಕಡಿಮೆ.

ಇದರ ಮಧ್ಯೆ ಮೇ 4ರಂದು ಇನ್ನೊಂದು ಸುದ್ದಿ ಬಂದಿತ್ತು. ಸಂಸದ ತೇಜಸ್ವಿ ಸೂರ್ಯ ಬೆಂಗಳೂರಿನಲ್ಲಿ ಕೋವಿಡ್ ರೋಗಿಗಳಿಗೆ ಬೆಡ್ ಹಂಚುತ್ತಿದ್ದ ಬಿಬಿಎಂಪಿ ವಾರ್ ರೂಮ್‌ಗೆ ಹೋಗಿ ಬೆಡ್ ಬ್ಲಾಕಿಂಗ್, ಅಂದರೆ ಬೆಡ್‌ಗಳನ್ನು ಅಕ್ರಮವಾಗಿ ತಡೆದಿಟ್ಟ ಆರೋಪ ಮಾಡಿದರು. ಅಲ್ಲಿ ಕೆಲಸಕ್ಕಿದ್ದ 17 ಮುಸ್ಲಿಮರ ಹೆಸರು ಓದಿದ ವಿಡಿಯೊ ಎಲ್ಲ ಕಡೆ ಹರಡಿತು. ಅಲ್ಲಿಗೆ ಪರದೆ ಬೆಂಗಳೂರಿಗೆ ತಿರುಗಿತು. ಮೇ 5ರಂದು ರಾಜ್ಯದಲ್ಲಿ 50,112 ಹೊಸ ಸೋಂಕು, 346 ಸಾವು. ಚಾಮರಾಜನಗರದ 24 ಮನೆಗಳಲ್ಲಿ ಇನ್ನೂ ಹನ್ನೊಂದನೇ ದಿನದ ಕಾರ್ಯವೂ ಆಗಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಜಿಲ್ಲೆಗಳಲ್ಲಿ ಕೆಲಸ ಮಾಡುವ ವರದಿಗಾರರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಪತ್ರಕರ್ತರನ್ನು ಮುಂಚೂಣಿ ಕಾರ್ಯಕರ್ತರು ಎಂದು ಸರ್ಕಾರ ಪರಿಗಣಿಸಿದ್ದೂ ಆ ಮೇ ತಿಂಗಳಲ್ಲೇ. ಅದುವರೆಗೂ ಅವರು ಕೋವಿಡ್ ವಾರ್ಡಿನ ಬಾಗಿಲಿಗೆ ಒಂದು ಮಾಸ್ಕ್ ನಂಬಿಕೊಂಡು ಹೋಗುತ್ತಿದ್ದರು. ಎಷ್ಟೋ ಜನರಿಗೆ ತಿಂಗಳ ಸಂಬಳವೇ ಇಲ್ಲ, ಸುದ್ದಿಗಿಷ್ಟು ಅಂತ ದುಡ್ಡು. ಬೆಂಗಳೂರಿನ ಡೆಸ್ಕ್‌ನಿಂದ ಫೋನ್ ಬಂದು "ಅಳ್ತಿರೋ ಬೈಟ್ ಬೇಕು, ಬೇಗ ಕಳಿಸಿ" ಎಂದರೆ ಅವರು ಆಕ್ಸಿಜನ್ ರಿಜಿಸ್ಟರ್ ಹುಡುಕಲು ಎಲ್ಲಿ ಹೋಗುತ್ತಾರೆ?

ಸತ್ತವರು ಒಂದು ಸಾಲಾದಾಗ

ಆ ವರ್ಷಗಳಲ್ಲಿ ಸಾವನ್ನು ಓದುವ ಒಂದು ಅಭ್ಯಾಸ ನಮಗಾಗಿತ್ತು. ಅದು ಶುರುವಾದದ್ದು 2020ರಲ್ಲಿ. ರಾಜ್ಯದ ಆರೋಗ್ಯ ಇಲಾಖೆ ದಿನಾ ಬುಲೆಟಿನ್ ಬಿಡುತ್ತಿತ್ತು. ಸೋಂಕು ತಗುಲಿದ ಪ್ರತಿಯೊಬ್ಬರಿಗೂ ಒಂದು ನಂಬರ್. ಪಿ-52 ಎಂದರೆ ನಂಜನಗೂಡಿನ ಔಷಧ ಕಾರ್ಖಾನೆಯ ಉದ್ಯೋಗಿ ಎಂದು ಆ ದಿನಗಳಲ್ಲಿ ಮೈಸೂರು ಕಡೆಯ ಮಕ್ಕಳಿಗೂ ಗೊತ್ತಿತ್ತು. ಸತ್ತವರಿಗೆ ಬುಲೆಟಿನ್‌ನಲ್ಲಿ ಒಂದು ಸಾಲು: ನಂಬರ್, ಜಿಲ್ಲೆ, ವಯಸ್ಸು, ಗಂಡೋ ಹೆಣ್ಣೋ, ಉಸಿರಾಟದ ತೊಂದರೆ ಇತ್ತೋ ಜ್ವರ ಇತ್ತೋ, ಸಕ್ಕರೆ ಕಾಯಿಲೆ ಇತ್ತೋ, ಯಾವತ್ತು ಸೇರಿದ್ದು, ಯಾವತ್ತು ಹೋದದ್ದು.

ಆ ಸಾಲನ್ನು ನಾನು ಹೀಗಳೆಯುವುದಿಲ್ಲ. ಹೆಸರು ಮುಚ್ಚಿಟ್ಟದ್ದು ಸರಿಯೇ ಇತ್ತು, ಯಾಕೆಂದರೆ ಹೆಸರು ಗೊತ್ತಾದ ಕಡೆ ಊರು ಆ ಮನೆಯನ್ನು ದೂರ ಇಟ್ಟಿತ್ತು. ಆದರೆ ಆ ಸಾಲಿನಲ್ಲಿ ಒಂದು ಕಾಲಮ್ ಇರಲಿಲ್ಲ. ಆಸ್ಪತ್ರೆಯಲ್ಲಿ ಏನಾಯಿತು ಅನ್ನುವ ಕಾಲಮ್. ಬೆಡ್ ಸಿಕ್ಕಿತಾ, ಎಷ್ಟು ಹೊತ್ತಿಗೆ ಸಿಕ್ಕಿತು, ಆಕ್ಸಿಜನ್ ಇತ್ತಾ? ಸಾವಿನ ಕಾರಣವೆಲ್ಲ ರೋಗಿಯ ದೇಹದೊಳಗೇ ಇದೆ ಎನ್ನುವ ಹಾಗೆ ಆ ಪಟ್ಟಿ ಇತ್ತು. ಸುದ್ದಿ ಆ ಪಟ್ಟಿಯನ್ನು ಹಾಗೇ ಎತ್ತಿಕೊಂಡಿತು. ಟಿವಿಯ ಭಾಷೆ ಅದಕ್ಕೆ ಬಣ್ಣ ಹಚ್ಚಿತು. "ಹೆಮ್ಮಾರಿಯ ಅಟ್ಟಹಾಸ", "ಮರಣ ಮೃದಂಗ", "ಕೊರೊನಾಗೆ ಬಲಿ". ಈ ವಾಕ್ಯಗಳಲ್ಲಿ ಕೊಲ್ಲುವುದು ವೈರಸ್ ಒಂದೇ. ತಡವಾದ ಲಾರಿ, ಖಾಲಿಯಾದ ಸಿಲಿಂಡರ್, ಎತ್ತದ ಫೋನ್ ಯಾವುದಕ್ಕೂ ಅಲ್ಲಿ ಜಾಗ ಇಲ್ಲ. ಚಾಮರಾಜನಗರದವರು ಕೋವಿಡ್ ವಾರ್ಡಿನಲ್ಲಿ ಇದ್ದರು, ನಿಜ. ಆದರೆ ಅವರಲ್ಲಿ ಎಷ್ಟೋ ಜನ ಆ ರಾತ್ರಿ ಕಳೆದಿದ್ದರೆ ಮನೆಗೆ ವಾಪಸ್ ಬರುವ ಸಾಧ್ಯತೆ ಇತ್ತು.

ಎಣಿಸುವುದು ಕೂಡ ಮರ್ಯಾದೆ

ಅಂಕಿ ಸಂಖ್ಯೆ ಜಾಸ್ತಿಯಾದರೆ ಮನುಷ್ಯ ಮರೆಯಾಗುತ್ತಾನೆ ಎನ್ನುವ ಮಾತನ್ನು ನಾವು ತುಂಬಾ ಕೇಳುತ್ತೇವೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಯಾರು ಎಣಿಸುತ್ತಾರೆ, ಯಾಕೆ ಎಣಿಸುತ್ತಾರೆ ಎನ್ನುವುದರ ಮೇಲೆ ಅದು ನಿಂತಿದೆ.

2021ರ ಏಪ್ರಿಲ್ ತಿಂಗಳಲ್ಲಿ ಗುಜರಾತಿನಲ್ಲಿ ಏನಾಯಿತು ನೋಡಿ. ಸರ್ಕಾರ ಕೊಡುತ್ತಿದ್ದ ಸಾವಿನ ಸಂಖ್ಯೆ ನಂಬಲು ಆಗದಾಗ 'ಸಂದೇಶ್' ಪತ್ರಿಕೆಯ ವರದಿಗಾರರು ಅಹಮದಾಬಾದ್ ಸಿವಿಲ್ ಆಸ್ಪತ್ರೆಯ ಶವಾಗಾರದ ಹೊರಗೆ ರಾತ್ರಿ ನಿಂತು ಹೊರಬರುವ ಶವಗಳನ್ನು ಎಣಿಸಿದರು. ಸ್ಮಶಾನಗಳಿಗೆ ಹೋಗಿ ಎಣಿಸಿದರು. ಸರ್ಕಾರದ ಸಂಖ್ಯೆಯ ಪಕ್ಕದಲ್ಲಿ ತಮ್ಮ ಸಂಖ್ಯೆ ಅಚ್ಚು ಹಾಕಿದರು. ಮೇ ತಿಂಗಳಲ್ಲಿ 'ದಿವ್ಯ ಭಾಸ್ಕರ್' ಪತ್ರಿಕೆ ಆ ರಾಜ್ಯದಲ್ಲಿ ಕೊಟ್ಟ ಮರಣ ಪ್ರಮಾಣಪತ್ರಗಳನ್ನು ಲೆಕ್ಕ ಹಾಕಿತು. ಹಿಂದಿನ ವರ್ಷದ ಅದೇ ದಿನಗಳಿಗಿಂತ ಎರಡು ಪಟ್ಟು ಇದ್ದವು. ಇವೂ ಬರೀ ಅಂಕಿಗಳೇ. ಆದರೆ ಅವುಗಳ ಹಿಂದೆ ರಾತ್ರಿಯೆಲ್ಲ ನಿಂತ ಕಾಲುಗಳಿದ್ದವು. ಲೆಕ್ಕದಿಂದ ಹೊರಗೆ ಬಿದ್ದ ಸಾವುಗಳನ್ನು ಆ ಅಂಕಿಗಳು ಒಳಗೆ ತಂದವು.

ನಮ್ಮಲ್ಲಿ ಆ ಹೊತ್ತಿಗೆ ಬೆಂಗಳೂರಿನ ಚಾಮರಾಜಪೇಟೆಯ ಚಿತಾಗಾರದ ಮುಂದೆ "ಹೌಸ್ ಫುಲ್" ಬೋರ್ಡ್ ಹಾಕಿದ ಫೋಟೊ ಎಲ್ಲರೂ ನೋಡಿದ್ದೆವು. ತಾವರೆಕೆರೆ, ಗಿಡ್ಡೇನಹಳ್ಳಿಯ ಬಯಲಿನಲ್ಲಿ ಸಾಲಾಗಿ ಉರಿಯುತ್ತಿದ್ದ ಚಿತೆಗಳ ಚಿತ್ರ ನೋಡಿದ್ದೆವು. ಮುಖ್ಯ ಚಿತ್ರಗಳೇ ಅವು. ಆದರೆ ಚಿತ್ರ ನೋಡಿದ ಮೇಲೆ ಚಿತಾಗಾರದ ರಿಜಿಸ್ಟರ್ ನೋಡುವ ಕೆಲಸಕ್ಕೆ ಚಿತ್ರಕ್ಕೆ ಸಿಕ್ಕಷ್ಟು ಜಾಗ ಸಿಗಲಿಲ್ಲ.

ಎಣಿಕೆಗೆ ದುಡ್ಡಿನ ಲೆಕ್ಕವೂ ಅಂಟಿಕೊಂಡಿರುತ್ತದೆ. ಸಾವಿನ ಕಾಗದದಲ್ಲಿ ಏನು ಬರೆದಿದೆ ಎನ್ನುವುದರ ಮೇಲೆ ಪರಿಹಾರ ನಿಲ್ಲುತ್ತದೆ. ಕೋವಿಡ್ ಸಾವಿಗೆ 50,000 ರೂಪಾಯಿ ಕೊಡುವುದು ದೇಶದಾದ್ಯಂತ ತೀರ್ಮಾನವಾದಾಗ ಎಷ್ಟೋ ಮನೆಯವರು ತಮ್ಮವರ ಸಾವು ಕೋವಿಡ್ ಸಾವೇ ಎಂದು ಸಾಬೀತು ಮಾಡಲು ಕಚೇರಿಯಿಂದ ಕಚೇರಿಗೆ ಅಲೆದರು. ಚಾಮರಾಜನಗರದ ಮಧ್ಯಂತರ ಪರಿಹಾರ ಬಂದದ್ದು 24ರ ಲೆಕ್ಕದಲ್ಲಿ. ಸರ್ಕಾರ ಹೇಳಿದ್ದ 3ಕ್ಕೇ ಎಲ್ಲರೂ ಸುಮ್ಮನಾಗಿದ್ದರೆ 21 ಮನೆಯವರ ಮಾತಿಗೆ ಬೆಲೆಯೇ ಇರುತ್ತಿರಲಿಲ್ಲ.

ಆಮೇಲೆ

2021ರ ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಆರೋಗ್ಯ ಖಾತೆಯ ರಾಜ್ಯ ಸಚಿವೆ ಭಾರತಿ ಪ್ರವೀಣ್ ಪವಾರ್ ಲಿಖಿತ ಉತ್ತರ ಕೊಟ್ಟರು. ಆಕ್ಸಿಜನ್ ಕೊರತೆಯಿಂದ ಸಾವು ಆಗಿದೆ ಎಂದು ರಾಜ್ಯಗಳು, ಕೇಂದ್ರಾಡಳಿತ ಪ್ರದೇಶಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ಅದರಲ್ಲಿತ್ತು. ಹೈಕೋರ್ಟ್ ನೇಮಿಸಿದ ಸಮಿತಿಯೇ ಚಾಮರಾಜನಗರದ ಬಗ್ಗೆ ಹೇಳಿ ಎರಡು ತಿಂಗಳಾಗಿತ್ತು. ಆ ಉತ್ತರದ ಪಕ್ಕದಲ್ಲಿ ಆ ಸಮಿತಿಯ ಮಾತನ್ನು ಅಚ್ಚು ಹಾಕುವುದೇ ಅಂದಿನ ದೊಡ್ಡ ಸುದ್ದಿ. ಕೆಲವರು ಹಾಕಿದರು. ಹಾಕಿದವರಿಗೆ ಕೃತಜ್ಞತೆ ಹೇಳಲೇಬೇಕು.

ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಚಾಮರಾಜನಗರಕ್ಕೆ ಬಂದು ವೈದ್ಯಕೀಯ ಕಾಲೇಜಿನ ಹೊಸ ಆಸ್ಪತ್ರೆ ಉದ್ಘಾಟಿಸಿದರು. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯೂ ಬಂದಿದ್ದರು. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎನ್ನುವ ಮೂಢನಂಬಿಕೆ ನಿಮಗೆಲ್ಲ ಗೊತ್ತು. ಬೊಮ್ಮಾಯಿ ಅದನ್ನು ಮುರಿದರು ಎನ್ನುವುದು ಆ ದಿನದ ಜೋರು ಸುದ್ದಿಯಾಯಿತು. ಐದು ತಿಂಗಳ ಹಿಂದೆ ಆಕ್ಸಿಜನ್ ಇಲ್ಲದೆ ಜನ ಸತ್ತ ಊರಿನಲ್ಲಿ ಹೊಸ ಆಸ್ಪತ್ರೆ ತೆರೆಯುತ್ತಿದೆ. ಅಂಥ ದಿನ ಮೊದಲ ಪ್ರಶ್ನೆ ಅಲ್ಲಿನ ಆಕ್ಸಿಜನ್ ವ್ಯವಸ್ಥೆ ಬಗ್ಗೆ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

2022ರ ಸೆಪ್ಟೆಂಬರ್ 30ರಂದು ರಾಹುಲ್ ಗಾಂಧಿ ಭಾರತ್ ಜೋಡೋ ಯಾತ್ರೆಯಲ್ಲಿ ಗುಂಡ್ಲುಪೇಟೆಗೆ ಬಂದಾಗ ಆ ಕುಟುಂಬಗಳು ಮತ್ತೆ ಪರದೆಗೆ ಬಂದವು. ಮತ್ತೆ ಅತ್ತರು. ಸರ್ಕಾರಿ ಕೆಲಸ ಕೊಡಿ ಎಂದು ಕೇಳಿದರು. ಮುಂದಿನ ವರ್ಷ ಸರ್ಕಾರ ಬದಲಾಯಿತು, ಮರುತನಿಖೆಯ ಮಾತು ಬಂತು, ಮತ್ತೆ ಒಂದೆರಡು ದಿನ ಸುದ್ದಿ. ನಾಯಕರು ಬಂದಾಗ, ಮೇ 2 ಬಂದಾಗ ಆ ಮನೆಗಳಿಗೆ ಫೋನ್ ಹೋಗುತ್ತದೆ. ಆ ಹೆಣ್ಣುಮಕ್ಕಳು ಆ ರಾತ್ರಿಯನ್ನು ಮತ್ತೆ ಮೊದಲಿನಿಂದ ಹೇಳಬೇಕು. ಮಕ್ಕಳ ಫೀಸಿಗೆ ಏನು ಮಾಡಿದರು, ಗಂಡನ ಹೆಸರಲ್ಲಿದ್ದ ಜಮೀನಿನ ಖಾತೆ ಆಯಿತಾ, ಆಸ್ಪತ್ರೆಗೆಂದು ತಂದ ಕೈಸಾಲ ತೀರಿತಾ ಎಂದು ಯಾವುದೇ ನಾಯಕರಿಲ್ಲದ ಒಂದು ಸಾಮಾನ್ಯ ದಿನ ಹೋಗಿ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

24 ಮತ್ತು 36ರ ನಡುವೆ 12 ಮನೆಗಳಿವೆ. ಒಂದು ಪಕ್ಷದ ಲೆಕ್ಕದಲ್ಲಿ ಅವರಿದ್ದಾರೆ, ಸಮಿತಿಯ ಲೆಕ್ಕದಲ್ಲಿಲ್ಲ. ಅವರವರು ಯಾವ ಹೊತ್ತಿನಲ್ಲಿ ತೀರಿಕೊಂಡರು, ಅದಕ್ಕೂ ಆ ರಾತ್ರಿಗೂ ಸಂಬಂಧ ಇತ್ತೇ, ಕೇಸ್ ಶೀಟ್ ಏನು ಹೇಳುತ್ತದೆ? ಇದು ಚರ್ಚೆಯ ಕಾರ್ಯಕ್ರಮದಲ್ಲಿ ಬಗೆಹರಿಯುವ ವಿಷಯ ಅಲ್ಲ. ಒಬ್ಬ ವರದಿಗಾರನಿಗೆ ಒಂದು ತಿಂಗಳು ಬಿಡುವು ಕೊಟ್ಟು, ಮನೆಯವರ ಒಪ್ಪಿಗೆ ಪಡೆದು, ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಆಕ್ಸಿಜನ್ ರಿಜಿಸ್ಟರ್, ಲಾರಿಗಳ ಡೆಲಿವರಿ ಚಲನ್, ಫೋನ್ ಕರೆಗಳ ಹೊತ್ತು ಎಲ್ಲವನ್ನೂ ಪಕ್ಕ ಪಕ್ಕ ಇಟ್ಟು ಗಂಟೆ ಗಂಟೆಯ ಪಟ್ಟಿ ಮಾಡಿದರೆ ಬಗೆಹರಿಯಬಹುದು. ಆ ಪಟ್ಟಿಯನ್ನು ಯಾವುದಾದರೂ ಕನ್ನಡ ಪತ್ರಿಕೆ ಇವತ್ತಿಗೂ ಮಾಡಬಹುದು.